ರಿಯೋಹಾದ ಹಳೇ ವೈನ್: ಕೆಂಪು ಮೊದಲು, ಬಿಳಿ ಆಮೇಲೆ

ನಮಸ್ಕಾರ. ವೈನ್ ಟೇಸ್ಟಿಂಗ್ ಅಂದ್ರೆ ಮೊದಲು ಬಿಳಿ, ಆಮೇಲೆ ಕೆಂಪು ಅಂತ ಎಲ್ಲ ಕಡೆ ಹೇಳಿಕೊಡ್ತಾರೆ. ಆದರೆ ಮೇಜಿನ ಮೇಲಿರೋದು ಸ್ಪೇನಿನ ರಿಯೋಹಾ ಸೀಮೆಯ ಹಳೇ ಪದ್ಧತಿಯ ವೈನ್ ಆಗಿದ್ರೆ ಈ ಕ್ರಮ ತಿರುಗಿಸಿ ಅನ್ನೋದು ನನ್ನ ವಾದ. ಅಲ್ಲಿ ಬಿಳಿಯೇ ಗಟ್ಟಿಗ. ಅದನ್ನು ಮೊದಲು ಕುಡಿದರೆ ಹಿಂದೆ ಬರುವ ಹಳೇ ಕೆಂಪು ಸಪ್ಪೆ ಅನ್ನಿಸಿಬಿಡುತ್ತೆ.

ಆರೋ ಅನ್ನೋ ಊರಿನ ರೈಲ್ವೆ ಸ್ಟೇಷನ್ ಪಕ್ಕದಲ್ಲಿ, 1877ರಲ್ಲಿ ಶುರುವಾದ ಲೋಪೆಸ್ ದೆ ಎರೇದಿಯಾ ಮನೆತನದ ವೈನರಿ ಇದೆ. ಅವರ ಟೊಂಡೋನಿಯಾ ಬಿಳಿ ರಿಸರ್ವಾ ತಗೊಳ್ಳಿ. ಬಹುಪಾಲು ವಿಯೂರಾ ದ್ರಾಕ್ಷಿ, ಜೊತೆಗೆ ಸ್ವಲ್ಪ ಮಾಲ್ವಸಿಯಾ. ಬಿಳಿ ರಿಸರ್ವಾಗೆ ಕಾನೂನು ಕೇಳೋದು ಒಟ್ಟು ಎರಡು ವರ್ಷ ಮಾಗಿಸೋದು, ಅದರಲ್ಲಿ ಆರು ತಿಂಗಳು ಪೀಪಾಯಿಯಲ್ಲಿ. ಇವರು ಪೀಪಾಯಿಯಲ್ಲೇ ಸುಮಾರು ಆರು ವರ್ಷ ಇಡ್ತಾರೆ. ಹಾಗಾಗಿ ಲೇಬಲ್ ಮೇಲೆ ‘ರಿಸರ್ವಾ’ ಅಂತ ಕಂಡ ತಕ್ಷಣ ಎಲ್ಲವೂ ಒಂದೇ ಅಂದ್ಕೋಬೇಡಿ. ಆ ಪದ ಕನಿಷ್ಠ ಕಾಲ ಹೇಳುತ್ತೆ, ಅಷ್ಟೇ.

ಪೀಪಾಯಿ 225 ಲೀಟರಿನದು, ಅಮೆರಿಕನ್ ಓಕ್. ಹೊಸ ಓಕ್ ಆದ್ರೆ ವೆನಿಲಾ, ಕೊಬ್ಬರಿ ವಾಸನೆ ಮುಖಕ್ಕೆ ರಾಚುತ್ತೆ. ಹತ್ತಾರು ವರ್ಷ ಬಳಸಿದ ಪೀಪಾಯಿಯಲ್ಲಿ ಆ ವಾಸನೆ ಹೆಚ್ಚೇನೂ ಉಳಿದಿರಲ್ಲ. ಅದು ಮಾಡೋ ಕೆಲಸ ವೈನಿಗೆ ನಿಧಾನವಾಗಿ ಗಾಳಿ ತಾಗಿಸೋದು. ವರ್ಷಕ್ಕೆ ಎರಡು ಸಲ ಗಸಿ ಬಿಟ್ಟು ತಿಳಿಯನ್ನು ಇನ್ನೊಂದು ಪೀಪಾಯಿಗೆ ಇಳಿಸ್ತಾರೆ. ಕೊನೆಗೆ ವೈನಿಗೆ ಮೊಟ್ಟೆಯ ಬಿಳಿ ಹಾಕ್ತಾರೆ. ಕೆಂಪಿಗೆ ಸಾಮಾನ್ಯವಾಗಿ ಒಂದು ಪೀಪಾಯಿಗೆ ಮೂರರಿಂದ ಆರು ಮೊಟ್ಟೆ. ಅದರ ಪ್ರೋಟೀನು ಒರಟು ಒಗರನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತೆ. ಮೊಟ್ಟೆ ಹೆಚ್ಚಾದ್ರೆ ಒಗರಿನ ಜೊತೆ ವೈನಿನ ಮೈಯೂ ಹೋಗಿ ನೀರುನೀರಾಗುತ್ತೆ. ಇನ್ನೊಂದು ಅಪಾಯ ಇದೆ. ವೈನ್ ಆವಿಯಾಗಿ ಮಟ್ಟ ಇಳಿಯುತ್ತೆ. ಆ ಖಾಲಿ ಜಾಗ ಆಗಾಗ ತುಂಬದಿದ್ರೆ ವಿನಿಗರ್ ಮಾಡೋ ಬ್ಯಾಕ್ಟೀರಿಯಾ ಮೇಲ್ಮೈಯಲ್ಲಿ ಬೆಳೆದು, ಗ್ಲಾಸಿನಲ್ಲಿ ನೇಲ್ ಪಾಲಿಶ್ ರಿಮೂವರ್ ವಾಸನೆ ಬರುತ್ತೆ.

ಈಗ ಕೆಂಪು. ಟೆಂಪ್ರಾನಿಯೋ ದ್ರಾಕ್ಷಿ ಮುಖ್ಯ, ಜೊತೆಗೆ ಗರ್ನಾಚಾ, ಗ್ರಾಸಿಯಾನೋ, ಮಸುವೆಲೋ. ಗ್ರಾನ್ ರಿಸರ್ವಾ, ಅಂದ್ರೆ ರಿಸರ್ವಾಗಿಂತ ಹೆಚ್ಚು ಕಾಲ ಮಾಗಿಸಿದ್ದು ಆದ್ರೆ, ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ. ಬಣ್ಣ ಮತ್ತು ಒಗರು ವರ್ಷಗಟ್ಟಲೆ ಅಂಟಿಕೊಂಡು ಗಸಿಯಾಗಿ ಕೂತಿರುತ್ತೆ, ಅದಕ್ಕೇ ಕೆಂಪು ಹಳೆಯದಾದಷ್ಟೂ ಬಣ್ಣ ತಿಳಿಯಾಗೋದು. ಹಳೇ ಕಾರ್ಕಿಗೆ ಸ್ಕ್ರೂ ಹಾಕಿದ್ರೆ ಪುಡಿಪುಡಿ. ಎರಡು ತೆಳು ತಗಡಿನ ಕಾಲಿರೋ ಓಪನರನ್ನು ಕಾರ್ಕಿನ ಎರಡೂ ಬದಿಗೆ ಅಲುಗಾಡಿಸುತ್ತಾ ಇಳಿಸಿ, ತಿರುಗಿಸುತ್ತಾ ಎತ್ತಿ. ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಇಟ್ಟು ಬಗ್ಗಿಸಿ, ಗಸಿಯ ಎಳೆ ಕಂಡ ಕೂಡಲೇ ನಿಲ್ಲಿಸಿ. ಗಂಟೆಗಟ್ಟಲೆ ಡಿಕ್ಯಾಂಟರ್ ಅನ್ನೋ ಗಾಜಿನ ಹೂಜಿಯಲ್ಲಿ ಬಿಡೋ ಶೋಕಿ ಬೇಡ. ಹಳೇ ಕೆಂಪಿನ ಸುವಾಸನೆ ಅಷ್ಟರಲ್ಲಿ ಹಾರಿ ಹೋಗಿರುತ್ತೆ.

‘ರೂಮ್ ಟೆಂಪರೇಚರ್’ ಅನ್ನೋ ಮಾತಂತೂ ನಮಗೆ ಹೊಂದಲ್ಲ. ಅದು ಯುರೋಪಿನ ತಣ್ಣನೆ ಕೋಣೆಗಳ ಲೆಕ್ಕ, 16–18 ಡಿಗ್ರಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆ ಒಳಗೇ 30 ಇರುತ್ತೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆದು ಉಳಿದದ್ದೇನೂ ಗೊತ್ತಾಗಲ್ಲ. ಅಂಥ ಕೋಣೆಯಲ್ಲಿದ್ದ ಕೆಂಪನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಫ್ರಿಜ್ಜಿನಲ್ಲಿಡಿ.

ಬಿಳಿಗೆ ಇದರ ಉಲ್ಟಾ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, 12–14 ಡಿಗ್ರಿಗೆ ಬರಲಿ. ತೀರಾ ತಣ್ಣಗಿದ್ರೆ ಬರೀ ಹುಳಿ, ಮರದ ಕಹಿ. ಐವತ್ತು ಮಿಲಿ ಸಾಕು. ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಮಾಡಿದ್ರೆ ಗಾಢ ಚಿನ್ನದ ಬಣ್ಣ. ‘ಕೆಟ್ಟುಹೋಗಿದೆ’ ಅಂತ ಇಲ್ಲೇ ಬಹಳ ಜನ ಬಾಟಲಿ ವಾಪಸ್ ಕಳಿಸ್ತಾರೆ. ಹಳೇ ಬಿಳಿಯನ್ನು ಬಣ್ಣದಿಂದ ಅಳೆಯಬೇಡಿ, ಹುಳಿಯಿಂದ ಅಳೆಯಿರಿ. ಹುರಿದ ಬಾದಾಮಿ, ಜೇನುಮೇಣ, ಒಣ ಕಿತ್ತಳೆ ಸಿಪ್ಪೆಯ ವಾಸನೆ ಬಂದು, ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಯಲ್ಲಿ ನೀರೂರಿದ್ರೆ ವೈನ್ ಗಟ್ಟಿಯಾಗಿದೆ. ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಒಂದೇ ಬಂದು, ಹುಳಿ ನಡುವೆಯೇ ಸತ್ತರೆ ಮುಗಿದಿದೆ. ನೆನೆದ ರಟ್ಟಿನ ವಾಸನೆ ಬೇರೆ ಕಥೆ, ಅದು ಕಾರ್ಕಿನ ದೋಷ. ‘ಸ್ವಲ್ಪ ಗಾಳಿಯಾಡಲಿ ಸರ್, ಹೋಗುತ್ತೆ’ ಅಂತ ವೇಟರ್ ಅಂದ್ರೆ ನಂಬಬೇಡಿ, ಹೋಗಲ್ಲ.

ಬಾಟಲಿಯಲ್ಲಿ ಉಳಿದ್ರೆ? ವರ್ಷಗಟ್ಟಲೆ ಗಾಳಿ ಕಂಡಿರೋ ಬಿಳಿ, ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಆರಾಮಾಗಿ ಇರುತ್ತೆ. ಹಳೇ ಕೆಂಪನ್ನು ಅವತ್ತೇ ಮುಗಿಸಿ.