ಕಾರಿನ ರೇಡಿಯೊ ಮೂಕವಾದರೆ ಮೊದಲು ತಂತಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಡೊಂಬಿವಲಿಯಿಂದ, ಮೀರಾ ರೋಡಿನಿಂದ ದಿನಾ ಕಾರು ಓಡಿಸಿಕೊಂಡು ಬರುವವರು, ಟೂರಿಸ್ಟ್ ಟ್ಯಾಕ್ಸಿ ಇಟ್ಟುಕೊಂಡವರು, ಹೋಟೆಲಿನ ತರಕಾರಿಗೆಂದು ಬೆಳಗಿನ ಜಾವವೇ ವಾಶಿ ಮಾರ್ಕೆಟ್ಟಿಗೆ ಹೊರಡುವವರು, ಇವತ್ತಿನ ಮಾತು ನಿಮಗಾಗಿ.

ಸೆಟ್ಟಿನಲ್ಲಿ ದೀಪ ಬರುತ್ತದೆ. ಅಂಕಿ ಕಾಣುತ್ತದೆ. ವಾಲ್ಯೂಮ್ ತಿರುಗಿಸಿದರೆ ಮೇಲಕ್ಕೂ ಏರುತ್ತದೆ. ಸದ್ದು ಮಾತ್ರ ಇಲ್ಲ. ಆಗ ನೀವು ಏನು ಮಾಡುತ್ತೀರಿ? ಅಂಗಡಿಗೆ ಹೋಗಿ ಹೊಸ ಸೆಟ್ ಹಾಕಿಸುತ್ತೀರಿ. ದಯವಿಟ್ಟು ಬೇಡ. ದೀಪ ಉರಿಯುತ್ತಿದೆ ಎಂದರೆ ಸೆಟ್ಟಿಗೆ ಕರೆಂಟ್ ಬರುತ್ತಿದೆ. ಸೆಟ್ ಬದಲಿಸುವ ಮೊದಲು ಸ್ಪೀಕರಿನ ತಂತಿ ನೋಡಿ. ಈ ಒಂದು ಮಾತು ನೆನಪಿಟ್ಟುಕೊಂಡರೂ ಸಾಕು, ನಿಮ್ಮ ದುಡ್ಡು ಉಳಿಯುತ್ತದೆ.

ಸೀಟಿನಲ್ಲಿ ಕುಳಿತೇ ಮಾಡುವ ಪರೀಕ್ಷೆ ಮೊದಲು ಮುಗಿಸಿ. ಮ್ಯೂಟ್ ಒತ್ತಿದೆಯೇ ನೋಡಿ. ಆಮೇಲೆ ಫೇಡರ್, ಅಂದರೆ ಸದ್ದನ್ನು ಮುಂದಿನ, ಹಿಂದಿನ ಸ್ಪೀಕರುಗಳಿಗೆ ಹಂಚುವ ಸೆಟ್ಟಿಂಗ್. ಅನೇಕ ಗಾಡಿಗಳಲ್ಲಿ ಹಿಂದೆ ಸ್ಪೀಕರೇ ಇರುವುದಿಲ್ಲ. ಮಕ್ಕಳು ಆಟವಾಡುತ್ತಾ ಫೇಡರನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದರೆ ಸದ್ದು ಬರುವುದಾದರೂ ಎಲ್ಲಿಂದ? ನಡುವಿಗೆ ತನ್ನಿ. ಈಗ 107.1ಕ್ಕೆ ಇಡಿ, ಮುಂಬಯಿಯಲ್ಲಿ ಅದು ಆಕಾಶವಾಣಿಯ ಎಫ್‌ಎಂ ರೇನ್‌ಬೋ. ಅದೂ ಕೇಳದಿದ್ದರೆ ಪೆನ್‌ಡ್ರೈವ್ ಚುಚ್ಚಿ. ಪೆನ್‌ಡ್ರೈವಿನ ಹಾಡು ಕೇಳಿಸಿ ರೇಡಿಯೊ ಕೇಳಿಸದಿದ್ದರೆ ಅದು ಆಂಟೆನಾದ ವಿಷಯ. ಎರಡೂ ಕೇಳಿಸದಿದ್ದರೆ? ತಂತಿ ನೋಡಿ.

ಮಾಟುಂಗದಲ್ಲಿ ಕೇಟರಿಂಗ್ ಮಾಡುವವರೊಬ್ಬರು ಒಂದು ಮಳೆಗಾಲದಲ್ಲಿ ನನ್ನ ಹತ್ತಿರ ಬಂದರು. ಅವರ ಕಾರಿನ ಸೆಟ್ ಮೂಕವಾಗಿತ್ತು. ಒಂದು ಅಂಗಡಿಯವರು ಹಳೆಯದನ್ನು ತೆಗೆದು ಹೊಸ ಸೆಟ್ ಹಾಕಿಕೊಟ್ಟಿದ್ದರು. ಅಂಗಡಿ ಎದುರು ಚೆನ್ನಾಗಿ ಹಾಡಿತಂತೆ. ಸಯಾನ್ ತಲುಪುವಷ್ಟರಲ್ಲಿ ಇದೂ ಮೂಕ. ವಾಪಸ್ ಹೋದರೆ ಮತ್ತೆ ಹಾಡುತ್ತದೆ! “ನಿಮ್ಮೆದುರಿಗೂ ಹಾಡ್ತದೆ ನೋಡಿ, ನಾನು ಓಡಿಸಿದ್ರೆ ಮಾತ್ರ ಇಲ್ಲ ಮಾರಾಯ್ರೇ” ಅಂದರು. ಪಾಪ, ಬೇಸತ್ತು ಹೋಗಿದ್ದರು. ನಾನು ಹಾಕಿದೆ, ನಿಜವಾಗಿಯೂ ಹಾಡಿತು. ಅಷ್ಟರಲ್ಲಿ ಮಳೆಯ ಇರಚಲು ಒಳಗೆ ಬಂತೆಂದು ಡ್ರೈವರ್ ಕಡೆಯ ಬಾಗಿಲು ಎಳೆದುಕೊಂಡೆ. ಸದ್ದು ನಿಂತಿತು. ಬಾಗಿಲು ತೆಗೆದೆ, ಹಾಡು ಬಂತು. ಹಾಕಿದೆ, ನಿಂತಿತು. ಅವರು ನನ್ನ ಮುಖ ನೋಡಿದರು, ನಾನು ಬಾಗಿಲು ನೋಡಿದೆ. ಅಂಗಡಿಯಲ್ಲಿ ಸೆಟ್ ನೋಡುವವರು ಬಾಗಿಲು ತೆರೆದಿಟ್ಟುಕೊಂಡೇ ನೋಡುತ್ತಾರಲ್ಲ, ಹಾಗಾಗಿ ಅಲ್ಲಿ ಯಾವಾಗಲೂ ಹಾಡಿದೆ.

ಬಾಗಿಲಿಗೂ ಗಾಡಿಯ ಕಂಬಕ್ಕೂ ನಡುವೆ, ಕೀಲಿನ ಹತ್ತಿರ, ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಂದು ಇರುತ್ತದೆ. ಪವರ್ ವಿಂಡೋ, ಲಾಕ್, ಸ್ಪೀಕರ್ ತಂತಿಗಳೆಲ್ಲ ಅದರೊಳಗೇ ಹಾಯುತ್ತವೆ. ಇವರ ಗಾಡಿಯಲ್ಲಿ ಆ ರಬ್ಬರು ತನ್ನ ತೂತಿನಿಂದ ಕಳಚಿಕೊಂಡಿತ್ತು. ಬಾಗಿಲು ಹಾಕಿದಾಗಲೆಲ್ಲ ತಂತಿ ಮಡಚಿ ತೂತಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಒಳಗಿನ ತಾಮ್ರದ ಎಳೆಗಳು ಕಿಲುಬು ಹಿಡಿದು ಹಸಿರಾಗಿದ್ದವು. ನಾಲ್ಕು ಎಳೆ ತಗಡಿಗೆ ತಾಗುತ್ತಿದ್ದವು, ಅಷ್ಟೇ. ಗೇಣುದ್ದ ಹೊಸ ತಂತಿ ಬೆಸೆದು ಟೇಪ್ ಸುತ್ತಿ ರಬ್ಬರನ್ನು ಅದರ ಜಾಗಕ್ಕೆ ಕೂರಿಸಿದೆ. ಬಾಗಿಲು ಹಾಕಿದರೂ ಹಾಡು ನಿಲ್ಲಲಿಲ್ಲ. ತೆಗೆದು ಹಾಕಿದ್ದ ಅವರ ಹಳೆಯ ಸೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ!

ಒಂದು ತಂತಿ ತಾಗಿದರೆ ನಾಲ್ಕೂ ಸ್ಪೀಕರ್ ಏಕೆ ನಿಲ್ಲಬೇಕು ಎಂದು ಕೇಳುತ್ತೀರಿ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ. ಅದರಲ್ಲಿ ಒಂದು ಗಾಡಿಯ ತಗಡಿನ ಬಾಡಿಗೆ ತಾಗಿದರೂ ಸೆಟ್ಟಿನೊಳಗಿನ ಐಸಿ, ಅಂದರೆ ಸ್ಪೀಕರುಗಳಿಗೆ ಸದ್ದು ಕಳಿಸುವ ಚಿಪ್, ತಾನು ಸುಟ್ಟುಹೋಗದಂತೆ ಎಲ್ಲವನ್ನೂ ಬಂದ್ ಮಾಡಿಬಿಡುತ್ತದೆ. ಹಳೆಯ ಕಾಲದ ಸೆಟ್ಟುಗಳಂತೆ ಸ್ಪೀಕರಿನ ಮೈನಸ್ ತಂತಿಗಳನ್ನು ಒಟ್ಟು ಸೇರಿಸಿ ಬಾಡಿಗೆ ಕಟ್ಟುವ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಅವರಿಗೆ ಕಟ್ಟಲು ಬಿಡಬೇಡಿ. ಇದನ್ನು ಎಷ್ಟು ಹೇಳಿದರೂ ಸಾಲದು.

ಸಮಯ ಹತ್ತಿರ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬ್ಯಾಟರಿಯ ಮೈನಸ್ ಕಳಚಿ ಸೆಟ್ ಹೊರಗೆಳೆಯಿರಿ. ಕಾರಿನ ಜೊತೆಗೇ ಬಂದದ್ದಲ್ಲದೆ ಹೊರಗೆ ಅಂಗಡಿಯಿಂದ ತಂದು ಹಾಕಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬಿಳಿ ತಂತಿ ಮುಂದಿನ ಎಡಗಡೆಗೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆ ಇದ್ದದ್ದು ಮೈನಸ್. ಕನೆಕ್ಟರ್ ಬಿಚ್ಚಿ, ಸ್ಪೀಕರ್ ಕಡೆಯ ಜೋಡಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಮ್ಮೆ ತಾಗಿಸಿ. ಟಪ್ ಎಂದರೆ ಆ ಸ್ಪೀಕರೂ ತಂತಿಯೂ ತುಂಡಾಗಿಲ್ಲ. ಮೀಟರ್ ಇದ್ದರೆ ಸ್ಪೀಕರಿಗೆ ಸುಮಾರು 4 ಓಮ್ ತೋರಿಸಬೇಕು. ತಂತಿಗೂ ಬಾಡಿಗೂ ಹಿಡಿದರೆ ಏನೂ ತೋರಿಸಬಾರದು. ಮೀಟರ್ ಹಿಡಿದುಕೊಂಡೇ ಬಾಗಿಲು ತೆಗೆದು ಹಾಕಿ ನೋಡಿ. ಎಲ್ಲವೂ ಸರಿ ಇದ್ದು, ಫೋನ್ ಬಂದಾಗ ಸದ್ದು ನಿಲ್ಲಿಸಲೆಂದಿರುವ ಫೋನ್ ಮ್ಯೂಟ್ ಎಂಬ ತಂತಿ ಗಾಡಿಯ ಬಾಡಿಗೆ ತಾಗಿಲ್ಲದಿದ್ದರೆ ಮಾತ್ರ ಸೆಟ್ಟನ್ನು ರಿಪೇರಿಗೆ ಕೊಡಿ.

ಮಳೆ ಹಿಡಿಯುವ ಮೊದಲು ಬಾಗಿಲಿನ ತಳ ಅಂಚಿನ ತೂತುಗಳಲ್ಲಿ ಕಟ್ಟಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಬಾಗಿಲೊಳಗೆ ನೀರು ನಿಂತರೆ ಸ್ಪೀಕರಿನ ಕಾಗದ ಕೊಳೆಯುತ್ತದೆ. ನಮಸ್ಕಾರ.