ಬ್ರೇಕ್ ಸರಿಯಾಯ್ತು, ಆದ್ರೂ ಟಯರ್ ಒಂದೇ ಬದಿ ಸವೆಯುತ್ತಿದೆಯಾ?

[ಟಯರಿನ ಹೊರಬದಿ, ಹತ್ತಿರದಿಂದ]

ನಮಸ್ಕಾರ. ಈ ಟಯರನ್ನು ಹೊರಗಿನಿಂದ ನೋಡಿ. ಚೆನ್ನಾಗೇ ಇದೆ ಅಲ್ವಾ? ಗೀರುಗಳು ಆಳವಾಗಿವೆ, ಇನ್ನೊಂದು ವರ್ಷ ಚಿಂತೆಯಿಲ್ಲ ಅನ್ನಿಸುತ್ತದೆ. ಈಗ ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಒಳಬದಿ ನೋಡೋಣ.

[ಅದೇ ಟಯರಿನ ಒಳ ಅಂಚು, ಅದರ ಮೇಲೆ ಬೆರಳು]

ಇಲ್ಲಿ ಗೀರೇ ಇಲ್ಲ. ಬೋಳು. ಎರಡು ಬೆರಳಿನಷ್ಟು ಅಗಲಕ್ಕೆ ರಬ್ಬರ್ ನುಣ್ಣಗಾಗಿದೆ.

ಇದು ನನ್ನದೇ ಕಾರಿನ ಮುಂದಿನ ಎಡಗಡೆ ಟಯರು. ಕಳೆದ ಮಳೆಗಾಲದಲ್ಲಿ ಭಾಗಮಂಡಲದಿಂದ ಕರಿಕೆ ದಾರಿಯಾಗಿ ಪಾಣತ್ತೂರಿಗೆ ಇಳಿದು ಬರುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯಲು ಶುರು ಮಾಡಿತು. ಕಾಸರಗೋಡಿಗೆ ಬಂದು ತೋರಿಸಿದೆ. ಎಡಗಡೆ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ, ಜಾಮ್ ಆಗಿದೆ ಅಂದರು. ಅದು ಸರಿದಾಡುವ ಪಿನ್ ತೆಗೆದು ತಿಕ್ಕಿ ಗ್ರೀಸ್ ಹಾಕಿದರು, ಎರಡೂ ಕಡೆಗೆ ಹೊಸ ಪ್ಯಾಡ್ ಬಂತು. ಬಿಸಿ ನಿಂತಿತು. ಆದರೆ ಎಳೆತ ಪೂರ್ತಿ ಹೋಗಲಿಲ್ಲ, ಸ್ವಲ್ಪ ಉಳಿಯಿತು. ಅದಕ್ಕೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಅಂದರೆ ಚಕ್ರಗಳ ಕೋನ ಅಳೆದು ಸರಿ ಮಾಡಿಸಿದೆ, ಒಂದು ಸಲ ಅಲ್ಲ, ಎರಡು ಸಲ, ಎರಡು ಬೇರೆ ಬೇರೆ ಕಡೆ. ಎರಡು ಸಲವೂ ಮೆಷಿನ್ನಲ್ಲಿ ಎಲ್ಲ ಹಸಿರು. ನಾಲ್ಕು ಸಾವಿರ ಕಿಲೋಮೀಟರ್ ಆಗುವಾಗ ಟಯರು ಹೀಗೆ.

ಹಾಗಾದರೆ ತಪ್ಪಿದ್ದು ಎಲ್ಲಿ? ನಾವೆಲ್ಲ ಬ್ರೇಕನ್ನೇ ನೋಡುತ್ತಾ ಕೂತೆವು, ಟಯರ್ ಹೇಳುತ್ತಿದ್ದುದನ್ನು ಯಾರೂ ಕೇಳಲಿಲ್ಲ.

ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಬ್ರೇಕ್ ಹಿಡಿದುಕೊಂಡರೆ ಮೊದಲು ಹಾಳಾಗುವುದು ಪ್ಯಾಡು, ಡಿಸ್ಕು, ಆಮೇಲೆ ಬೇರಿಂಗು. ಟಯರಿಗೆ ಪೆಟ್ಟು ಬಿದ್ದರೂ ಅದು ಅಗಲಕ್ಕೆ ಪೂರ್ತಿ ಬೀಳುತ್ತದೆ. ಚಕ್ರ ತಿರುಗದೆ ಉಜ್ಜಿಕೊಂಡು ಹೋಗಿದ್ದರೆ ಒಂದೇ ಜಾಗದಲ್ಲಿ ಚಪ್ಪಟೆ ಕಲೆ ಇರುತ್ತದೆ, ಓಡಿಸುವಾಗ ಸುತ್ತಿಗೊಮ್ಮೆ ದಡ್ ದಡ್ ಅನ್ನುತ್ತದೆ. ಒಳ ಅಂಚು ಮಾತ್ರ ಸುತ್ತಲೂ ಒಂದೇ ಸಮ ಸವೆದಿದ್ದರೆ ಅದು ಬ್ರೇಕ್ ಒಂದರ ಕೆಲಸ ಅಲ್ಲ. ಚಕ್ರ ನಿಂತಿರುವ ಕೋನದಲ್ಲಿ ಏನೋ ಉಂಟು.

ಇದಕ್ಕೆ ಮೆಷಿನ್ ಬೇಡ, ಅಂಗೈ ಸಾಕು. ಕಾರು ನಿಲ್ಲಿಸಿ, ಟಯರ್ ತಣ್ಣಗಾಗಲಿ. ಅಂಗೈಯನ್ನು ಟಯರಿನ ಅಡ್ಡಕ್ಕೆ, ಒಳಗಿನಿಂದ ಹೊರಗೆ ಸವರಿ. ಆಮೇಲೆ ಹೊರಗಿನಿಂದ ಒಳಗೆ.

[ಕೈ ಸವರುವುದನ್ನು ನಿಧಾನವಾಗಿ ತೋರಿಸುವುದು]

ಮುಳಿಹುಲ್ಲು ಗೊತ್ತಲ್ಲ? ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ತಂದರೆ ಕೈ ಕೊಯ್ಯುತ್ತದೆ. ಟಯರೂ ಹಾಗೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಚೂಪು ಅನ್ನಿಸಿದರೆ ಟೋ ತಪ್ಪಿದೆ ಅಂತ ಅರ್ಥ. ಟೋ ಅಂದರೆ ಎರಡು ಮುಂದಿನ ಚಕ್ರಗಳು ನೇರ ಮುಂದೆ ನೋಡದೆ ಒಳಗೋ ಹೊರಗೋ ಮುಖ ಮಾಡಿರುವುದು. ಆಗ ಟಯರು ಉರುಳುತ್ತಲೇ ಸ್ವಲ್ಪ ಸ್ವಲ್ಪ ಅಡ್ಡಕ್ಕೆ ಉಜ್ಜುತ್ತದೆ. ಚೂಪು ಏನೂ ಇಲ್ಲ, ಒಳ ಅಂಚು ಮಾತ್ರ ನುಣ್ಣಗೆ ಇಳಿದಿದೆ ಅಂದರೆ ಕ್ಯಾಂಬರ್ ಕಡೆ ಅನುಮಾನ, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡು ಸವೆದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ.

ನನ್ನ ಟಯರಿನಲ್ಲಿ ಚೂಪು ಇತ್ತು. ಟೋ ತಪ್ಪಿದೆ ಅಂತಾಯ್ತು. ಆದರೆ ಮೆಷಿನ್ ಸರಿ ಅನ್ನುತ್ತಿದೆಯಲ್ಲ?

ಇದರ ಉತ್ತರ ಹೊಸಂಗಡಿ ಹತ್ತಿರದ ಒಬ್ಬ ಹಳೇ ಮೆಕ್ಯಾನಿಕ್ ಕೊಟ್ಟರು. ಅವರು ಟಯರ್ ನೋಡಿ ಮಾತಾಡಲಿಲ್ಲ, ಕಾರಿನ ಅಡಿಗೆ ಹೋಗಿ, ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಲೋವರ್ ಆರ್ಮಿಗೆ ಉದ್ದದ ಲಿವರ್ ಕೊಟ್ಟು ಮೀಟಿದರು. ಆರ್ಮನ್ನು ಕಾರಿಗೆ ಸೇರಿಸುವ ಕಡೆ ಇರುವ ರಬ್ಬರಿನ ಬುಷ್‍ಗಳಲ್ಲಿ ಹಿಂದಿನದು ಬಾಯಿ ತೆರೆಯಿತು. ರಬ್ಬರ್ ಸೀಳಿ ಕಬ್ಬಿಣದಿಂದ ಬಿಟ್ಟುಹೋಗಿತ್ತು, ಸುಮ್ನೆ ನಿಂತಾಗ ಮಾತ್ರ ಸೇರಿಕೊಂಡಿರುತ್ತಿತ್ತು.

[ಸೀಳಿದ ಬುಷ್ ಕೈಯಲ್ಲಿ ಹಿಡಿದು, ಬೆರಳಿನಿಂದ ಸೀಳು ಅಗಲಿಸಿ]

ಇಗೋ, ಇದೇ ಆ ಬುಷ್. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಆ ಬಲ ಹೆಚ್ಚಾಗಿ ಬಂದು ಬೀಳುವುದು ಇದರ ಮೇಲೆ. ಇದು ಸೀಳಿದ್ದರೆ ಆರ್ಮ್ ಹಿಂದೆ ಸರಿಯುತ್ತದೆ, ಚಕ್ರದ ಮುಖ ತಿರುಗುತ್ತದೆ, ಟೋ ಕೆಡುತ್ತದೆ, ಕಾರು ಒಂದು ಕಡೆಗೆ ಎಳೆಯುತ್ತದೆ. ಕಾಲು ತೆಗೆದರೆ ಮತ್ತೆ ಸರಿ. ಅಲೈನ್‌ಮೆಂಟ್ ಮೆಷಿನ್ ನೋಡುವುದು ನಿಂತ ಕಾರನ್ನು. ನಿಂತ ಕಾರಿನಲ್ಲಿ ಎಲ್ಲ ಹಸಿರೇ ಬರುತ್ತದೆ!

ಕ್ಯಾಲಿಪರ್ ಜಾಮ್ ಆಗಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಕಾಯಿಲೆ ಮಾತ್ರ.

ನಿಮಗೂ ಹೀಗೇ ಆಗಿದ್ದರೆ ಮೊದಲು ಬ್ರೇಕ್ ನಿಜವಾಗಿ ಬಿಟ್ಟಿದೆಯಾ ನೋಡಿ. ಹತ್ತು ಹದಿನೈದು ನಿಮಿಷ ಆದಷ್ಟು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ರಿಮ್ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಸುಡುತ್ತದೆ. ಎಡ ಬಲ ಒಂದೇ ಸಮ ಇರಬೇಕು. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಮನೆಗೆ ತಂದು ತಣಿಸುವುದಲ್ಲ, ಹಾಗೇ ಗ್ಯಾರೇಜಿಗೆ ಒಯ್ಯಿರಿ. ಅಲ್ಲಿ ಚಕ್ರ ಎತ್ತಿ ಕ್ಯಾಲಿಪರಿನ ಬ್ಲೀಡರ್ ಸ್ಕ್ರೂ, ಅಂದರೆ ಬ್ರೇಕ್ ಎಣ್ಣೆ ಹೊರಬಿಡುವ ಸ್ಕ್ರೂ, ಸ್ವಲ್ಪ ಸಡಿಲಿಸಲಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ, ಹೆಚ್ಚಾಗಿ ಬ್ರೇಕ್ ಹೋಸ್, ಅಂದರೆ ಎಣ್ಣೆ ಬರುವ ರಬ್ಬರ್ ಪೈಪು, ಒಳಗಿನಿಂದ ಊದಿರುತ್ತದೆ. ಆಗಲೂ ಬಿಡದಿದ್ದರೆ ಕ್ಯಾಲಿಪರೇ ಹಿಡಿದಿದೆ. ಹಳೇ ಪ್ಯಾಡ್ ಬಿಸಾಡಲು ಬಿಡಬೇಡಿ, ಕೇಳಿ ತಗೊಳ್ಳಿ. ಒಳಗಿನ ಪ್ಯಾಡ್ ತೆಳು, ಹೊರಗಿನದು ದಪ್ಪ ಇದ್ದರೆ ಹೆಚ್ಚಾಗಿ ಪಿನ್ ಸರಿದಾಡುತ್ತಿಲ್ಲ.

ಆಮೇಲೆ ಚಕ್ರ ಎತ್ತಿದಾಗಲೇ ಅಲ್ಲಾಡಿಸಿ ನೋಡಿ. ಗಡಿಯಾರದಲ್ಲಿ 12 ಮತ್ತು 6 ಇರುವ ಜಾಗ ಹಿಡಿದು ಅಲ್ಲಾಡಿದರೆ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ಅಥವಾ ಬೇರಿಂಗ್. 3 ಮತ್ತು 9 ಹಿಡಿದು ಅಲ್ಲಾಡಿದರೆ ಹೆಚ್ಚಾಗಿ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ಕೀಲು. ಬುಷ್ ಮಾತ್ರ ಹೀಗೆ ಸಿಗುವುದಿಲ್ಲ, ಲಿವರ್ ಕೊಟ್ಟು ಮೀಟಲೇಬೇಕು, ಮೀಟಿ ಅಂತ ನೀವೇ ಹೇಳಿ. ಮತ್ತೆ ಒಂದು ಮಾತು, ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ದಯವಿಟ್ಟು ಹೋಗಬೇಡಿ. ಸ್ಟ್ಯಾಂಡ್ ಬೇಕೇ ಬೇಕು.

ನಮ್ಮ ಊರಿನ ಮಳೆಗೆ ಇನ್ನೊಂದು ಉಂಟು. ಜೂನ್, ಜುಲೈಯಲ್ಲಿ ಕಾರು ವಾರಗಟ್ಟಲೆ ಅಂಗಳದಲ್ಲಿ ನಿಲ್ಲುತ್ತದೆ, ಹ್ಯಾಂಡ್‌ಬ್ರೇಕ್ ಎಳೆದೇ ಇರುತ್ತದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಅದರ ಒಳಗೆ ಒತ್ತುವ ಶೂ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಅದನ್ನು ಜೋರಾಗಿ ಎಳೆದುಕೊಂಡು ಹೊರಟರೆ ಚಕ್ರ ತಿರುಗದೆ ಜಾರುತ್ತದೆ, ಚಪ್ಪಟೆ ಕಲೆ ಬೀಳುವುದು ಹಾಗೆ. ಸಮ ಜಾಗದಲ್ಲಾದರೆ ಗೇರಿನಲ್ಲಿ ಬಿಟ್ಟು, ಚಕ್ರದ ಹಿಂದೆ ಮುಂದೆ ಕಲ್ಲು ಇಡಿ.

ಟಯರ್ ಬದಲಿಸಬೇಕಾ ಅಂತ ಹೇಗೆ ಗೊತ್ತಾಗುತ್ತದೆ? ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ, ಅದು 1.6 ಮಿಲಿಮೀಟರ್ ಎತ್ತರ. ರಬ್ಬರ್ ಅದಕ್ಕೆ ಸಮ ಆಯ್ತೆಂದರೆ ಟಯರ್ ಮುಗಿಯಿತು. ಹೊರಬದಿ ಎಷ್ಟೇ ಚೆನ್ನಾಗಿರಲಿ, ಒಳ ಅಂಚಿನ ಲೆಕ್ಕವೇ ಲೆಕ್ಕ. ತಂತಿ ಕಂಡರಂತೂ ಅವತ್ತೇ ತೆಗೆಸಿ. ಹಾಕುವಾಗ ಮುಂದಿನ ಎರಡನ್ನೂ ಒಟ್ಟಿಗೆ ಹಾಕಿ, ಒಂದು ಹೊಸತು ಒಂದು ಹಳತು ಆದರೆ ಮಳೆಯಲ್ಲಿ ಹಿಡಿತ ಎರಡು ಕಡೆ ಎರಡು ಥರ ಆಗುತ್ತದೆ.

ಅಲೈನ್‌ಮೆಂಟ್ ಕೊನೆಗೆ. ಬ್ರೇಕ್, ಬುಷ್, ಟಯರ್ ಎಲ್ಲ ಆದ ಮೇಲೆ. ಮಾಡುವ ಮೊದಲಿನ ಮತ್ತು ಮಾಡಿದ ಮೇಲಿನ ಪ್ರಿಂಟ್ ಎರಡೂ ಕೇಳಿ ತೆಗೆದುಕೊಂಡು ಕಾರಿನಲ್ಲೇ ಇಡಿ. ನಾನು ಹಾಗೆ ಮಾಡಿ ಎರಡು ಸಾವಿರ ಕಿಲೋಮೀಟರ್ ಓಡಿಸಿದೆ. ನಿನ್ನೆ ಹೊಸ ಟಯರಿಗೆ ಅಂಗೈ ಸವರಿದೆ. ಎರಡೂ ಕಡೆಗೆ ಒಂದೇ ಥರ ಇತ್ತು.