ಪಿಜ್ಜಾ ಕಲ್ಲಿಗೆ ಸೋಪು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ನಮ್ಮ ಮನೆಗೊಂದು ಪಿಜ್ಜಾ ಕಲ್ಲು ಬಂತು. ಓವನ್ನಿನಲ್ಲಿಟ್ಟು ಕಾಯಿಸಿ, ಅದರ ಮೇಲೆ ಪಿಜ್ಜಾ ಬೇಯಿಸುವ ಚಪ್ಪಟೆ ಕಲ್ಲು. ಕೆನೆ ಬಣ್ಣ, ಅಂಗೈಯಲ್ಲಿ ಸವರಿದರೆ ಸ್ವಲ್ಪ ತರಿತರಿ. ತಿಂಗಳೊಳಗೆ ಅದರ ಮೇಲೆ ಚೀಸ್ ಸುರಿದು ಸೀದ ಕಪ್ಪು, ಟೊಮೇಟೊ ಸಾಸಿನ ಕಂದು, ಎಲ್ಲ ಬಂದು ಕೂತವು. ಊರಿಂದ ಬಂದ ಅಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಹುಣಸೆಹಣ್ಣು, ಪಾತ್ರೆ ಸೋಪು, ಸ್ಟೀಲ್ ನಾರು, ಮೂರನ್ನೂ ಹಾಕಿ ತಿಕ್ಕಿದ್ದಾರೆ. ಸಾಲದ್ದಕ್ಕೆ ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದಾರೆ. ಕಲೆ ಮಾತ್ರ ಹಾಗೇ ಇತ್ತು. ಆ ಭಾನುವಾರದ ಪಿಜ್ಜಾದ ತಳಕ್ಕೆಲ್ಲ ಸೋಪಿನ ವಾಸನೆ. ಮಕ್ಕಳು ಮೇಲಿನ ಚೀಸ್ ಕೆರೆದು ತಿಂದು ಎದ್ದರು.

ಅಮ್ಮನನ್ನು ದೂರಿ ಏನು ಮಾಡುವುದು? ಕಪ್ಪಾದದ್ದನ್ನು ತಿಕ್ಕಬೇಕು ಅಂತಲೇ ಅಲ್ವಾ ನಾವೆಲ್ಲ ಕಲಿತದ್ದು. ಆದರೆ ಈ ಕಲ್ಲಿನ ಗುಣ ಬೇರೆ. ಒಂದು ಹನಿ ನೀರು ಬಿಟ್ಟು ನೋಡಿ. ಸ್ಟೀಲ್ ತಟ್ಟೆಯಲ್ಲಾದರೆ ಹನಿ ಮಣಿಯ ಹಾಗೆ ಕೂರುತ್ತದೆ. ಇಲ್ಲಿ ಕಣ್ಣೆದುರಿಗೇ ಇಂಗಿಹೋಗುತ್ತದೆ, ಒದ್ದೆ ಮಚ್ಚೆ ಮಾತ್ರ ಉಳಿಯುತ್ತದೆ. ಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತು. ಕಾದ ಕಲ್ಲಿನ ಬಿಸಿಗೆ ಪಿಜ್ಜಾದ ತಳ ಗರಿಗರಿಯಾಗುತ್ತದೆ, ಹಿಟ್ಟಿನ ತೇವವನ್ನು ಈ ತೂತುಗಳೂ ಸ್ವಲ್ಪ ಹೀರುತ್ತವೆ. ಸೋಪಿನ ನೀರನ್ನೂ ಅವು ಅಷ್ಟೇ ಚೆನ್ನಾಗಿ ಹೀರುತ್ತವೆ, ಕಾದಾಗ ವಾಪಸ್ ಕೊಡುತ್ತವೆ.

ಪಿಜ್ಜಾದ ತವರು ಇಟಲಿಯ ನೇಪಲ್ಸ್. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಅವರ ಸೌದೆ ಒಲೆ 400 ಡಿಗ್ರಿಗೂ ಮೇಲೆ ಕಾದಿರುತ್ತದೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೆಂದು ಆಚೆ ಬರುತ್ತದೆ. ಒಲೆಯ ನೆಲವನ್ನು ಅವರು ತೊಳೆಯುತ್ತಾ ಕೂರುವುದಿಲ್ಲ. ಉದ್ದ ಹಿಡಿಯ ಬ್ರಷ್ಷಿನಿಂದ ಬೂದಿ, ಸೀದ ಹಿಟ್ಟು ಗುಡಿಸಿಬಿಡುತ್ತಾರೆ. ಉಳಿದದ್ದನ್ನು ಬೆಂಕಿಯೇ ಸುಟ್ಟುಹಾಕುತ್ತದೆ. ನಮ್ಮ ಮನೆಯ ಓವನ್ನು 250 ಡಿಗ್ರಿಗೆ ಸುಸ್ತಾಗುತ್ತದೆ. ಆ ಒಲೆಯ ನೆಲದ ಒಂದು ತುಂಡು ಮನೆಗೆ ತಂದಂತೆ ಈ ಕಲ್ಲು.

ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬೇಯಿಸುವುದಕ್ಕೂ ಹಂಚು ಅನ್ನುತ್ತಾರೆ, ಮಾಡಿಗೆ ಹೊದಿಸುವುದಕ್ಕೂ ಹಂಚು ಅನ್ನುತ್ತಾರೆ. ಪಿಜ್ಜಾ ಕಲ್ಲು ಎರಡಕ್ಕೂ ನೆಂಟ. ಆದರೆ ದೋಸೆ ಕಾವಲಿಯ ಹಾಗೆ ಇದನ್ನು ಎಣ್ಣೆ ಹಚ್ಚಿ ಪಳಗಿಸಲು ಹೋಗಬೇಡಿ. ಎಣ್ಣೆ ಒಳಗೆ ಇಳಿದು, ಕಾದಾಗಲೆಲ್ಲ ಮನೆ ತುಂಬ ಹೊಗೆ. ಹಿಟ್ಟು ಅಂಟದಿರಲು ಒಂದು ಚಿಟಿಕೆ ಚಿರೋಟಿ ರವೆ ಉದುರಿಸಿದರೆ ಸಾಕು.

ಹಾಗಾದರೆ ಸ್ವಚ್ಛ ಮಾಡುವುದು ಹೇಗೆ? ಪಿಜ್ಜಾ ಆದ ಮೇಲೆ ಕಲ್ಲನ್ನು ಮುಟ್ಟಲೇಬೇಡಿ, ಓವನ್ನಿನಲ್ಲೇ ಆರಲಿ. ನಾನು ಬೆಳಿಗ್ಗೆಯವರೆಗೂ ಬಿಡುತ್ತೇನೆ. ಆಮೇಲೆ ದೋಸೆ ಮಗುಚುವ ಕೈಯಿಂದ ಕೆರೆದರೆ ಸೀದ ಚೀಸ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಒಣ ಬ್ರಷ್ಷಿನಿಂದ ಗುಡಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ. ಜಿಗುಟು ಹೋಗದಿದ್ದರೆ ಅಡುಗೆ ಸೋಡಾಗೆ ಎರಡು ಹನಿ ನೀರು ಬೆರೆಸಿ, ಆ ಜಾಗಕ್ಕಷ್ಟೇ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಿ. ಕಲೆ ಉಳಿದರೆ ಉಳಿಯಲಿ. ಕೈಗೆ ತಾಗುವಂಥದ್ದು ಹೋದರೆ ಆಯಿತು, ಕಣ್ಣಿಗೆ ಕಾಣುವ ಬಣ್ಣ ರುಚಿ ಕೆಡಿಸುವುದಿಲ್ಲ.

ಅಕಸ್ಮಾತ್ ನೀರು ಕುಡಿದಿದ್ದರೆ ಒಂದು ದಿನ ಪೂರ್ತಿ ಒಣಗಲು ಬಿಡಿ. ಒದ್ದೆ ಕಲ್ಲನ್ನು ಜೋರು ಉರಿಗೆ ಇಟ್ಟರೆ ಒಳಗಿನ ನೀರು ಹಬೆಯಾಗಿ ಕಲ್ಲನ್ನು ಬಿರುಕು ಬಿಡಿಸಬಹುದು. ಕಾದ ಕಲ್ಲಿನ ಮೇಲೆ ತಣ್ಣೀರು ಬಿದ್ದರೂ ಅಷ್ಟೇ. ನೀರು ಬಿದ್ದ ಕಡೆ ಕಲ್ಲು ಫಕ್ಕನೆ ಕುಗ್ಗುತ್ತದೆ, ಪಕ್ಕದ ಬಿಸಿ ಭಾಗ ಹಿಗ್ಗಿಕೊಂಡೇ ಇರುತ್ತದೆ, ನಡುವೆ ಟಪ್ ಅಂತ ಸೀಳುತ್ತದೆ. ಅದಕ್ಕೇ ತಣ್ಣಗಿನ ಓವನ್ನಿನಲ್ಲಿ ಕಲ್ಲಿಟ್ಟು, ಆಮೇಲೆ ಉರಿ ಹಚ್ಚಿ, ಮುಕ್ಕಾಲು ಗಂಟೆ ಕಾಯಿಸುವುದು. ಫ್ರಿಜ್ಜಿನ ಗಟ್ಟಿ ಪಿಜ್ಜಾವನ್ನು ನೇರ ಅದರ ಮೇಲೆ ಹಾಕಬೇಡಿ. ಕಾರ್ಡಿಯರೈಟ್ ಅನ್ನುವ ಖನಿಜದಿಂದ ಮಾಡಿದ ಕಲ್ಲು ಈ ಏಟನ್ನು ಬೇರೆಯದಕ್ಕಿಂತ ಜಾಸ್ತಿ ತಡೆಯುತ್ತದೆ. ಕುಂಬಾರಿಕೆಯ ಭಟ್ಟಿಯೊಳಗೆ ಮಡಕೆ ಜೋಡಿಸುವ ಹಲಗೆಗಳನ್ನೂ ಅದರಿಂದ ಮಾಡುತ್ತಾರೆ.

ಇಷ್ಟೆಲ್ಲ ಹೇಳುವ ನಾನೇ ಕಳೆದ ಮಳೆಗಾಲದಲ್ಲಿ ಆತುರಪಟ್ಟು, ಬಿಸಿ ಕಲ್ಲನ್ನು ಎತ್ತಿ ಒದ್ದೆ ಕಡಪ ಕಟ್ಟೆಯ ಮೇಲೆ ಇಟ್ಟೆ. ಎರಡು ಹೋಳು. ಎಸೆಯಲಿಲ್ಲ. ಓವನ್ನಿನಲ್ಲಿ ಎರಡನ್ನೂ ಒತ್ತರಿಸಿ ಇಡುತ್ತೇನೆ, ಪಿಜ್ಜಾ ಚೆನ್ನಾಗೇ ಬೇಯುತ್ತದೆ. ಸಂದಿಯಲ್ಲಿ ಸ್ವಲ್ಪ ರವೆ ಉದುರುತ್ತದೆ, ಅಷ್ಟೇ.

ನಮಸ್ಕಾರ.